ಅಮರಕ್ಕ ಒಯ್ದ ಪುಸ್ತಕಗಳು

ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದಿನ ಓಣಿಗೆ ಬಂದು ಅಮರೇಶ್ವರಿಯ ಮನೆ ಯಾವುದು ಎಂದು ಕೇಳಿದರೆ, ಯಾವ ಅಮರೇಶ್ವರಿ ಎಂದು ತಿರುಗಿ ಕೇಳುತ್ತಾರೆ. "ಸುಮ್ಮ ಕುಂದ್ರೋ ಧರ್ಮದಾಕಿ" ಎಂದರೆ ಸಾಕು, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ. ಐವತ್ತಾರು ವರ್ಷದ ಈ ಹೆಂಗಸು ಸುಮ್ಮನೆ ಕೂತದ್ದನ್ನು ನೋಡಿದವರು ಕಡಿಮೆ. ಜಗಳ ಆಡಿದ್ದನ್ನು ನೋಡದವರು ಅದಕ್ಕಿಂತ ಕಡಿಮೆ.

ಹುಟ್ಟಿದ್ದು ಬಳಗಾನೂರಿನಲ್ಲಿ. ಗೋಡೆಗೆ ಗೋಡೆ ಹತ್ತಿದ ಮನೆ ಮೆಹಬೂಬ್‌ಬೀಯದು. ಅವಳ ಅಂಗಳದಲ್ಲೇ ಆಡಿ ಬೆಳೆದದ್ದರಿಂದ ಅಮರೇಶ್ವರಿಗೆ ಕನ್ನಡದಷ್ಟೇ ಸಲೀಸಾಗಿ ಉರ್ದು ಬಂತು. ಹತ್ತನೇ ತರಗತಿ ಪಾಸಾದ ಮೇಲೆ ಕರೆಂಟಿನ ಲೈನ್‌ಮನ್ ಒಬ್ಬನಿಗೆ ಮದುವೆ ಮಾಡಿ ಕೊಟ್ಟರು. ಮೂರನೇ ವರ್ಷಕ್ಕೆ ಕಾಮಾಲೆಯಾಗಿ ಅವನು ತೀರಿಕೊಂಡ. ತಮ್ಮ ಯಂಕೋಬ ಆಗಷ್ಟೇ ಸಿಂಧನೂರಿನ ಒಂದು ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಅವಳು ಹೊಲಿಗೆ ಯಂತ್ರ ಹೊತ್ತುಕೊಂಡು ಅವನ ಮನೆಗೆ ಬಂದಳು. ಬಂದ ದಿನದಿಂದ ಊರೆಲ್ಲ ಅವಳಿಗೆ ಬುದ್ಧಿ ಹೇಳತೊಡಗಿತು. ಮತ್ತೊಂದು ಮದುವೆ ಆಗು ಎಂದು ಒಬ್ಬರು, ಆಗಬೇಡ ಎಂದು ಇನ್ನೊಬ್ಬರು, ತವರಿಗೆ ಹೊರೆಯಾಗಬೇಡ ಎಂದು ಮಗದೊಬ್ಬರು. ಎಲ್ಲರಿಗೂ ಅವಳು ಅಲ್ಲಲ್ಲೇ ಉತ್ತರ ಕೊಟ್ಟಳು. ನಾಲಿಗೆ ಹರಿತವಾದದ್ದು ಆ ವರ್ಷಗಳಲ್ಲಿ.

ಎರಡು ಸಾವಿರದ ಒಂಬತ್ತರಲ್ಲಿ ದಸರೆ ಮುಗಿದ ಮೇಲೆ ಬಿದ್ದ ಮಳೆಯನ್ನು ಈ ಸೀಮೆಯವರು ಮರೆತಿಲ್ಲ. ಹಳ್ಳಕೊಳ್ಳ, ಹೊಳೆ ಎಲ್ಲ ಒಂದಾಗಿ ಮಣ್ಣಿನ ಮನೆಗಳು ಕುಸಿದವು. ಆಗ ಮಧ್ಯಪ್ರದೇಶದ ಕಡೆಯಿಂದ ಐದು ಜನರ ಒಂದು ಸಣ್ಣ ತಂಡ ಬಂತು. ತಾವು ಕ್ವೇಕರರು ಎಂದರು. ಯಾರಿಗೂ ಅರ್ಥವಾಗಲಿಲ್ಲ. ಮೌನವಾಗಿ ಕೂತು ಪ್ರಾರ್ಥಿಸುವ ಒಂದು ಕ್ರೈಸ್ತ ಪಂಗಡದವರು ಎಂದು ಆಮೇಲೆ ತಿಳಿಯಿತು. ತಂಡದ ಹಿರಿಯಳು ಸುಶೀಲಾಬಾಯಿ, ಎಪ್ಪತ್ತರ ಹತ್ತಿರದ ಗಿಡ್ಡ ಹೆಂಗಸು, ಬಿಳಿ ಖಾದಿ ಸೀರೆ. ಅವರಿಗೆ ಕನ್ನಡ ಬಾರದು, ಊರವರಿಗೆ ಹಿಂದಿ ಬಾರದು. ಉರ್ದು ಬಲ್ಲವಳು ಎಂದು ಅಮರೇಶ್ವರಿಯನ್ನು ಮಾತು ಕೂಡಿಸಲು ಕರೆದುಕೊಂಡು ಹೋದರು.

ಮೊದಲ ದಿನವೇ ಜಗಳ. ಅಕ್ಕಿ, ಎಣ್ಣೆ, ಹೊದಿಕೆ ತುಂಬಿದ ಲಾರಿ ನಿಂತಿದೆ. ಮುನ್ನೂರು ಜನ ಕೆಸರಿನಲ್ಲಿ ಕಾಯುತ್ತಿದ್ದಾರೆ. ಈ ಐವರು ಮಾತ್ರ ಲಾರಿಯ ಪಕ್ಕ ಗೋಣಿಚೀಲ ಹಾಸಿಕೊಂಡು ಕಣ್ಣು ಮುಚ್ಚಿ ಕೂತರು. ಅಮರೇಶ್ವರಿ ಎರಡು ನಿಮಿಷ ನೋಡಿದಳು. ಮೂರನೇ ನಿಮಿಷಕ್ಕೆ ತಡೆಯಲಾಗಲಿಲ್ಲ. ಮಂದಿ ಹಸಿದು ನಿಂತಿರುವಾಗ ಇದೇನು ನಾಟಕ ಎಂದು ಉರ್ದುವಿನಲ್ಲಿ ಬಾಯಿಗೆ ಬಂದದ್ದು ಅಂದಳು. ಸುಶೀಲಾಬಾಯಿ ಕಣ್ಣು ತೆರೆದು, "ಐದೇ ನಿಮಿಷ. ಸಿಟ್ಟು ಇಳಿದ ಮೇಲೆ ಅಕ್ಕಿ ಇಳಿಸೋಣ" ಎಂದರು.

"ಯಾರ ಸಿಟ್ಟು?"

"ಸದ್ಯಕ್ಕೆ ನಿನ್ನದೇ ಕಾಣುತ್ತಿದೆ. ಕೂತುಕೋ."

ಕೂತಳು. ಕೂತ ಮೇಲೆ ಏನೂ ಆಗಲಿಲ್ಲ. ದೇವರು ಕಾಣಲಿಲ್ಲ, ಬೆಳಕು ಹೊಳೆಯಲಿಲ್ಲ. ಆದರೆ ಆ ಐದು ನಿಮಿಷ ಯಾರೂ ಅವಳಿಗೆ ಬುದ್ಧಿ ಹೇಳಲಿಲ್ಲ. ಗಂಡ ಸತ್ತ ಮೇಲೆ ಅಂಥ ಐದು ನಿಮಿಷ ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ತಂಡ ನಾಲ್ಕು ತಿಂಗಳು ಇತ್ತು. ಆಮೇಲೆ ಅವಳೇ ವರ್ಷಕ್ಕೊಮ್ಮೆ ರೈಲು ಹತ್ತಿ ಅವರ ಕಡೆಗೆ ಹೋಗಿ ಬರತೊಡಗಿದಳು. ಮೂರನೇ ವರ್ಷ ಅವರ ಬಳಗಕ್ಕೆ ಸೇರಿಕೊಂಡಳು. ಓಣಿಯ ನಲ್ಲಿಯ ಹತ್ತಿರ ವಿಚಾರಣೆ ನಡೆಯಿತು.

"ಹೆಸರು ಬದಲಿ ಮಾಡಿದ್ರೇನು?"

"ಇಲ್ಲ."

"ವಿಭೂತಿ ಹಚ್ಚಬ್ಯಾಡ ಅಂದ್ರ?"

"ಹಚ್ಚಿದ್ರ ಹಚ್ಚು, ಬಿಟ್ರ ಬಿಡು ಅಂದ್ರು."

"ಪೂಜಾರಿ ಯಾರು?"

"ಯಾರೂ ಇಲ್ಲ."

"ಮತ್ತ ಏನ್ ಮಾಡ್ತೀಯವ್ವ ಅಲ್ಲಿ ಹೋಗಿ?"

"ಸುಮ್ಮ ಕುಂದರ್ತೀವಿ."

"ಅದಕ್ಕ ಅಷ್ಟು ದೂರ ಹೋಗ್ಬೇಕೇನು? ನಮ್ಮ ಮಾವ ದಿನಾ ಕಟ್ಟಿ ಮ್ಯಾಲ ಸುಮ್ಮ ಕುಂದರ್ತಾನ. ಒಂದು ಕೆಲಸ ಹೇಳಿದ್ರ ಕೇಳಂಗಿಲ್ಲ."

ಕೊಡಗಳ ಸಾಲಿಗೆ ಸಾಲೇ ನಕ್ಕಿತು. ಅಮರೇಶ್ವರಿ ಅರ್ಧ ತುಂಬಿದ ಕೊಡ ಎತ್ತಿಕೊಂಡು ಸಿಟ್ಟಿನಲ್ಲಿ ಮನೆಗೆ ಬಂದಳು.

ಸುಶೀಲಾಬಾಯಿ ತೀರಿಕೊಂಡ ಮೇಲೂ ಅವಳು ಕೆಲಸ ಬಿಡಲಿಲ್ಲ. ಎಲ್ಲಿ ಹಳ್ಳ ಬಂದರೂ, ಬಣವೆಗೆ ಬೆಂಕಿ ಬಿದ್ದು ಗುಡಿಸಲು ಸುಟ್ಟರೂ, ಕೊರೊನಾ ಕಾಯಿಲೆಯ ವರ್ಷದಲ್ಲಿ ಕೂಲಿಯವರು ರಸ್ತೆಯಲ್ಲಿ ನಡೆದು ಬರುತ್ತಿದ್ದಾಗಲೂ, ಫೋನಿನಲ್ಲಿ ನಾಲ್ಕು ಜನರನ್ನು ಕಾಡಿ ಬೇಡಿ ಸಾಮಾನು ಕೂಡಿಸಿದಳು. ಹೊರಲು ಉಸ್ಮಾನ್‌ಸಾಬರ ಟೆಂಪೋ. ಈ ಉಸ್ಮಾನ್‌ಸಾಬ್ ಗಿರಣಿಯ ಅಕ್ಕಿಯನ್ನು ಮಸ್ಕಿ, ಲಿಂಗಸುಗೂರಿನ ಅಂಗಡಿಗಳಿಗೆ ಹಾಕುವವರು. ಅವಳ ಬೈಗುಳಕ್ಕೆ ಎಂದೂ ಬೇಸರ ಪಟ್ಟುಕೊಳ್ಳದ ಮನುಷ್ಯ ಆ ಊರಿನಲ್ಲಿ ಅವರೊಬ್ಬರೇ.

ಪುಸ್ತಕದ ಹುಚ್ಚು ಹತ್ತಿದ್ದೂ ಈ ಕೆಲಸದಿಂದಲೇ. ಮೊದಲ ನೆರೆಯ ವರ್ಷ ದೊಡ್ಡ ಊರಿನ ಯಾರೋ ಪುಣ್ಯಾತ್ಮರು ಬಟ್ಟೆಯ ಗಂಟುಗಳ ಕೆಳಗೆ ಹನ್ನೆರಡು ಪೆಟ್ಟಿಗೆ ಪುಸ್ತಕ ತುಂಬಿ ಕಳಿಸಿದ್ದರು. ಪರೀಕ್ಷೆಯ ಗೈಡುಗಳು, ಹಳೆಯ ವರ್ಷದ ಪಂಚಾಂಗಗಳು, ಮನೆಯೇ ಇಲ್ಲದವರಿಗೆ ಮನೆ ಅಲಂಕಾರ ಮಾಡುವ ಪುಸ್ತಕ. ಬೈದಳು, ಆದರೆ ಎಸೆಯಲು ಕೈ ಬರಲಿಲ್ಲ. ಮನೆಯ ಒಳಕೋಣೆಯಲ್ಲಿ ಇಳಿಸಿಕೊಂಡಳು. "ಯಕ್ಕಾ, ಇವು ಎಷ್ಟು ದಿನ ಇಲ್ಲಿ?" ಎಂದು ಯಂಕೋಬನ ಹೆಂಡತಿ ಗಂಗಾದೇವಿ ಕೇಳಿದಾಗ "ಎರಡು ದಿನ" ಎಂದಿದ್ದಳು. ಗಂಗಾದೇವಿ ಇವತ್ತಿಗೂ ಆ ಎರಡು ದಿನ ಯಾವಾಗ ಮುಗಿಯುತ್ತವೆ ಎಂದು ಕೇಳುತ್ತಾಳೆ.

ಅಸಲು ಸಂಗ್ರಹ ಬೇರೆ. ಮುಳುಗಿದ ಮನೆಗಳ ಮುಂದೆ ಒದ್ದೆ ಹಾಸಿಗೆ, ಕೊಳೆತ ಜೋಳದ ಜೊತೆ ಕೈಬರಹದ ಪುಸ್ತಕಗಳೂ ತಿಪ್ಪೆಗೆ ಬೀಳುತ್ತಿದ್ದವು. ಹೆಚ್ಚಿನವು ಬಯಲಾಟದವು. ಹಿಂದೆ ಊರೂರಿಗೆ ಆಟ ಕಲಿಸುವ ಮಾಸ್ತರರಿದ್ದರು. ಅವರು ಮಾತು, ಹಾಡು, ತಾಳ ಎಲ್ಲವನ್ನೂ ಟಾಕಿನಿಂದ ಬರೆದಿಟ್ಟ ದಪ್ಪ ದಪ್ಪ ವಹಿಗಳು. ತತ್ವಪದದ ವಹಿಗಳೂ ಇದ್ದವು, ಯಾವಳೋ ಸೂಲಗಿತ್ತಿ ಬರೆಸಿಟ್ಟ ನಾಟಿ ಔಷಧದ ಒಂದು ಪುಸ್ತಕವೂ ಇತ್ತು. "ಒಣಗಿಸಿ ತಂದು ಕೊಡ್ತೀನಿ" ಎಂದು ಅಮರೇಶ್ವರಿ ಒಯ್ದಳು. ಪುಟಗಳ ನಡುವೆ ಪೇಪರಿನ ಹಾಳೆ ಇಟ್ಟು, ನೆರಳಿನಲ್ಲಿ ಗಾಳಿಗೆ ಒಡ್ಡಿ ಒಣಗಿಸಿದಳು. ಅಂಟಿದ ಹಾಳೆಗಳನ್ನು ಬಿಡಿಸುವ ಬಗೆ ಕಲಿತದ್ದು ಆಮೇಲೆ. ಒಣಗಿದ ಮೇಲೆ ಕೊಡಬೇಕಿತ್ತು. ಕೊಟ್ಟರೆ ಮತ್ತೆ ಸೋರುವ ಮಾಳಿಗೆಯ ಕೆಳಗೇ ಇಡುತ್ತಾರಲ್ಲ ಎನ್ನಿಸಿತು. ಮುಂದಿನ ತಿಂಗಳು ಕೊಟ್ಟರಾಯಿತು ಎಂದುಕೊಂಡಳು. ಬೇವಿನ ಎಲೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಪಾಟಿನಲ್ಲಿ ಜೋಡಿಸಿದಳು. ಒಬ್ಬ ಕಾಲೇಜು ಮೇಷ್ಟ್ರು ಬಂದು ನೋಡಿ, ಇಂಥ ಸಂಗ್ರಹ ಸುತ್ತ ಎಲ್ಲೂ ಇಲ್ಲ ಎಂದು ಹೊಗಳಿ ಹೋದ ಮೇಲಂತೂ ಕೊಡುವ ಮಾತೇ ಹಿಂದೆ ಬಿತ್ತು.

ಹೋದ ಮಳೆಗಾಲದಲ್ಲಿ ಮಸ್ಕಿ ಕಡೆಯ ಒಂದು ಸಣ್ಣ ಊರಿಗೆ ಹಳ್ಳ ನುಗ್ಗಿತು. ಇಪ್ಪತ್ತೆರಡು ಮನೆ ಬಿದ್ದವು, ಜನರನ್ನು ಶಾಲೆಗೆ ಸಾಗಿಸಿದರು. ಮರುದಿನ ಬೆಳಿಗ್ಗೆ ಅಮರೇಶ್ವರಿ ಟೆಂಪೋ ತುಂಬಿಸಿಕೊಂಡು ಹೊರಟಳು. ದಾರಿಯಲ್ಲಿ ಗಂಟು ಬಿಚ್ಚಿ ನೋಡಿದರೆ, ಕುರಿ ಕಾಯುವವರಿಗೆ ಮದುವೆಯ ಕೋಟು ಎರಡು, ಹಿಮದ ನಾಡಿನ ಟೊಪ್ಪಿಗೆ ಒಂದು ಚೀಲ, ಬಣ್ಣಬಣ್ಣದ ಟೈ ನಲವತ್ತು.

"ಸಾಬ್ರ, ಗಾಡಿ ನಿಂದ್ರಸ್ರಿ. ಇವನ್ನ ಕಳಿಸಿದಾತಗ ಈಗ ಫೋನ್ ಹಚ್ಚತೀನಿ. ಹಳ್ಳ ಬಂದ ಊರಿಗೆ ಟೈ ಕಳಿಸ್ಯಾನ!"

"ಇರ್ಲಿ ಬಿಡಕ್ಕ," ಎಂದರು ಉಸ್ಮಾನ್‌ಸಾಬ್. "ತಾಡಪತ್ರಿ ಕಟ್ಟಾಕ ಹಗ್ಗ ಕಡಿಮಿ ಬಿದ್ದಾವು."

ಹಾಗೇ ಆಯಿತು. ಶಾಲೆಯ ಅಂಗಳದಲ್ಲಿ ತಾಡಪತ್ರಿಯ ಆರು ಡೇರೆಗಳು ರೇಷ್ಮೆ ಟೈಗಳ ಮೇಲೆ ನಿಂತವು.

ಅಷ್ಟರಲ್ಲಿ ಬಿಳಿ ಅಂಗಿಯ ಒಬ್ಬ ಮುಖಂಡ ಫ್ಲೆಕ್ಸ್ ಹಿಡಿಸಿಕೊಂಡು ಬಂದ. ಫ್ಲೆಕ್ಸಿನಲ್ಲಿ ಅವನೇ ಕೈ ಮುಗಿದು ನಿಂತಿದ್ದ. ಫೋಟೋ ಆದ ಮೇಲೆ ಹಂಚಿರಿ ಎಂದ.

"ಫೋಟೋ ಬೇಕಂದ್ರ ಆ ಬಿದ್ದ ಗ್ವಾಡಿ ಮುಂದ ನಿಂದ್ರಪಾ, ನಾನ ತೆಗೀತೀನಿ. ಅಕ್ಕಿ ಚೀಲ ಮುಟ್ಟಬ್ಯಾಡ."

ಅವನು ಗೊಣಗುತ್ತ ಹೋದ. ಅವಳು ಐದು ನಿಮಿಷ ಎಂದುಕೊಂಡು ಟೆಂಪೋದ ಪಕ್ಕ ಕಣ್ಣು ಮುಚ್ಚಿ ಕೂತಳು. ಮೊದಲ ನಿಮಿಷಕ್ಕೆ ಅವಳದೇ ಫೋನು ಬಡಿದುಕೊಂಡಿತು. ಮೂರನೇ ನಿಮಿಷಕ್ಕೆ ಒಂದು ಆಡು ಬಂದು ಸೆರಗು ತಿನ್ನತೊಡಗಿತು. ಎದ್ದಳು.

ಸಾಮಾನು ಹಂಚಿದ ಮೇಲೆ ಒಬ್ಬರ ಪಾಲು ಉಳಿಯಿತು. ಬಾಲಪ್ಪ ಎಂಬ ಮುದುಕನದು. ಎಂಬತ್ತರ ಹತ್ತಿರ ವಯಸ್ಸು, ಹೆಂಡತಿ ಇಲ್ಲ, ಮಗಳನ್ನು ಪಕ್ಕದ ಊರಿಗೆ ಕೊಟ್ಟಿದೆ. ಅರ್ಧ ಬಿದ್ದ ಮನೆಯ ಮುಂದೆ ಕಲ್ಲಿನ ಮೇಲೆ ಕೂತವನು ಯಾರು ಕರೆದರೂ ಏಳುತ್ತಿಲ್ಲ ಎಂದರು. ಅಮರೇಶ್ವರಿ ಹೋದಳು.

"ತಾತಾ, ಸಾಲಿಗೆ ನಡೀರಿ. ಗ್ವಾಡಿ ವಾಲ್ಯಾವು."

"ಒಲ್ಲೆ. ಒಳಗ ಟ್ರಂಕ್ ಐತಿ."

"ಟ್ರಂಕಿನಾಗ ಬಂಗಾರ ಐತೇನು?"

"ಆಟದ ಪುಸ್ತಕ. ನಮ್ಮಪ್ಪ ಬರದದ್ದು."

"ಜೀವಕ್ಕಿಂತ ಪುಸ್ತಕ ಹೆಚ್ಚೇನ್ರಿ?"

ಹಿಂದೆ ನಿಂತಿದ್ದ ಉಸ್ಮಾನ್‌ಸಾಬ್ ಕೆಮ್ಮಿದರು. ಅವಳು ತಿರುಗಿ ನೋಡಿದ ನೋಟಕ್ಕೆ ಕೆಮ್ಮು ನಿಂತಿತು.

ಉಸ್ಮಾನ್‌ಸಾಬರೂ ಊರಿನ ಇಬ್ಬರೂ ತೊಲೆಗೆ ಬಲ್ಲಿಯ ಕಂಬ ಆನಿಸಿ, ಒಳಗೆ ನುಸುಳಿ ಟ್ರಂಕು ಎಳೆದು ತಂದರು. ಮುಚ್ಚಳ ತೆರೆದರೆ ಕೆಂಪು ನೀರು ಸುರಿಯಿತು. ಏಳು ವಹಿಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಅಮರೇಶ್ವರಿಯ ಕೈ ತಾನಾಗಿ ಮುಂದೆ ಹೋಯಿತು.

"ಕೊಡ್ರಿ ತಾತಾ. ಇವತ್ತ ಬಿಡಿಸ್ಲಿಲ್ಲಂದ್ರ ನಾಳಿಗೆ ಬೂಷ್ಟ್ ಹಿಡೀತಾವು. ನಾ ಒಣಗಿಸಿ ತಂದು ಕೊಡ್ತೀನಿ."

ಮುದುಕ ಟ್ರಂಕಿನ ಮೇಲೆ ಕೈ ಇಟ್ಟು ಅವಳನ್ನೇ ನೋಡಿದ. "ಸಿಂಧನೂರಿನ ಅಮರವ್ವ ಅಂದ್ರ ನೀನಾ?"

"ಹೌದ್ರಿ."

"ಹಂಗಾರ ಕೊಡೂದಿಲ್ಲ."

"ಯಾಕ?"

"ನೀ ಒಯ್ತಿ, ಒಣಗಿಸ್ತಿ. ತಿರುಗಿ ಕೊಡೂದಿಲ್ಲ. ನಮ್ಮ ಬೀಗರ ಊರಾಗ ಎರಡು ಒಯ್ದಿ. ಹನ್ನೊಂದು ವರ್ಷ ಆತು."

ಸುತ್ತ ಹತ್ತಿಪ್ಪತ್ತು ಜನ ನಿಂತಿದ್ದರು. ಅವಳು ದನಿ ಏರಿಸಿದಳು. "ನಾ ಏನು ಕಳ್ಳಿ ಏನ್ರಿ?"

"ಕಳ್ಳಿ ಅಂದಿಲ್ಲವ್ವ. ಕಳ್ಳರು ಕೇಳಿ ಒಯ್ಯೂದಿಲ್ಲ. ನೀ ಕೇಳಿ ಒಯ್ದಿ."

ಬಿಟ್ಟು ಬರಬಹುದಿತ್ತು. ಆದರೆ ಒದ್ದೆ ಕಾಗದದ ವಾಸನೆ ಮೂಗಿಗೆ ಬಡಿಯುತ್ತಿತ್ತು, ಶಾಯಿ ಕಣ್ಣೆದುರೇ ಹರಿಯುತ್ತಿತ್ತು. ಅವಳು ಕಾಲು ಅಪ್ಪಳಿಸಿ ಕೂಗಿದಳು: "ಹಂಗಾರ ನೀವೂ ಬರ್ರಿ! ಪುಸ್ತಕದ ಮಗ್ಗಲಾಗ ಕುಂತು ಕಾಯ್ರಿ!"

ಸಿಟ್ಟಿಗೆ ಅಂದದ್ದು. ಬಾಲಪ್ಪ ಕೋಲು ಊರಿ ಎದ್ದು, ಟೆಂಪೋದ ಮುಂದಿನ ಸೀಟಿನಲ್ಲಿ ಅವಳು ಕೂರುವ ಜಾಗದಲ್ಲೇ ಕೂತ. ಅವಳು ಹಿಂದೆ ಖಾಲಿ ಚೀಲಗಳ ಮೇಲೆ ಟ್ರಂಕು ಹಿಡಿದುಕೊಂಡು ಸಿಂಧನೂರು ಮುಟ್ಟಿದಳು.

ಮುದುಕ ಹದಿನಾಲ್ಕು ದಿನ ಇದ್ದ. ಮೊದಲ ದಿನವೇ ರೊಟ್ಟಿ ದಪ್ಪ ಎಂದ. ಅದು ಅಮರೇಶ್ವರಿ ಬಡಿದ ರೊಟ್ಟಿ. ಗಂಗಾದೇವಿಗೆ ಎಲ್ಲಿಲ್ಲದ ಸಂತೋಷವಾಯಿತು. ಮದುವೆಯಾಗಿ ಬಂದ ದಿನದಿಂದ ಅತ್ತಿಗೆಗೆ ಎದುರು ಮಾತಾಡಲು ಆಗದ ಅವಳು, ಮುದುಕನ ತಾಟಿಗೆ ಎರಡೆರಡು ಸಲ ತುಪ್ಪ ಹಾಕಿದಳು. "ತಾತಾ, ಇನ್ನೇನರ ಹೇಳೂದು ಐತೇನ್ರಿ?" ಎಂದು ಬೇರೆ ಕೇಳುತ್ತಿದ್ದಳು.

ಒಣಗಿಸುವುದು ಯಂಕೋಬನ ಗಿರಣಿಯ ಶೆಡ್ಡಿನಲ್ಲಿ. ಹೊರಗೆ ಭತ್ತ ಹರವುವ ಅಂಗಳ, ಒಳಗೆ ನೆರಳು, ಎರಡು ದೊಡ್ಡ ಫ್ಯಾನು. ಬಿಸಿಲಿಗೆ ಹಾಕು ಎಂದು ಮುದುಕ, ಬಿಸಿಲಿಗೆ ಹಾಕಿದರೆ ಕಾಗದ ಹಪ್ಪಳವಾಗುತ್ತದೆ ಎಂದು ಇವಳು. ಅವನು ಒಂದು ವಹಿಯನ್ನು ಕದ್ದು ಬಿಸಿಲಿಗೆ ಇಟ್ಟ. ಅದು ಹಪ್ಪಳವೇ ಆಯಿತು. ಆಮೇಲೂ ಅವನು ತನ್ನದೇ ಸರಿ ಎಂದ. ಅವಳು ಚಪ್ಪಟೆ ಚಾಕುವಿನ ತುದಿಯಿಂದ ಒಂದೊಂದೇ ಹಾಳೆ ಬಿಡಿಸುತ್ತ ಹೋದಂತೆ, ಅವನು ಪಕ್ಕದಲ್ಲಿ ಅಕ್ಕಿ ಚೀಲದ ಮೇಲೆ ಕೂತು ಆ ಹಾಳೆಯ ಹಾಡನ್ನು ಗಟ್ಟಿಯಾಗಿ ಹಾಡಿ ಎಲ್ಲ ಸರಿ ಇದೆಯೇ ಎಂದು ತಾಳೆ ನೋಡುತ್ತಿದ್ದ. ದನಿ ಒಡೆದಿತ್ತು, ತಾಳ ತಪ್ಪಿರಲಿಲ್ಲ. ಹಮಾಲರು ಚೀಲ ಹೆಗಲ ಮೇಲಿಟ್ಟುಕೊಂಡೇ ನಿಂತು ಕೇಳತೊಡಗಿದರು. ಲೋಡು ತಡವಾಯಿತು ಎಂದು ಗಿರಣಿಯ ಮ್ಯಾನೇಜರ್ ಬಂದು ಅಮರೇಶ್ವರಿಗೆ ಬೈದು ಹೋದ. ಮುದುಕನಿಗೆ ಬೈಯುವ ಧೈರ್ಯ ಅವನಿಗೂ ಬರಲಿಲ್ಲ.

ಒಂಬತ್ತನೇ ದಿನ ಅವಳು ಹೊಲಿದ ಬ್ಲೌಸ್ ಕೊಡಲು ಹೋಗಿ ಬರುವಷ್ಟರಲ್ಲಿ ಬಾಲಪ್ಪ ಒಳಕೋಣೆಯಲ್ಲಿದ್ದ. ಕಪಾಟಿನಿಂದ ವಹಿಗಳನ್ನು ಇಳಿಸಿ, ಕೊನೆಯ ಪುಟ ತಿರುವಿ ಓದುತ್ತಿದ್ದ. ಹಳೆಯ ಮಾಸ್ತರರು ಬರೆದು ಮುಗಿಸಿದ ಮೇಲೆ ಊರು, ಹೆಸರು ಹಾಕಿ ಒಂದು ಸಾಲು ಸೇರಿಸುತ್ತಿದ್ದರು.

"ಈ ಪುಸ್ತಕ ಒಯ್ದವರು ಓದಿಕೊಂಡು ತಿರುಗಿ ಕೊಡತಕ್ಕದ್ದು," ಎಂದು ಓದಿದ. ಮತ್ತೊಂದು ತೆರೆದ. "ಸದರಿ ಪುಸ್ತಕ ಒಯ್ದವರು ಎಂಟು ದಿನದೊಳಗೆ ಕೊಡತಕ್ಕದ್ದು." ಮಗದೊಂದು. ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ಎಲ್ಲಾರೂ ಬರದಾರಲ್ಲವ್ವ. ನೀ ಓದಲಿಲ್ಲೇನು?"

"ಇಲ್ಲಿಗೆ ತರದಿದ್ರ ಇವು ತಿಪ್ಪಿ ಸೇರ್ತಿದ್ವು!" ಅವಳು ಕಿರುಚಿದಳು. "ಮಂದಿ ಬಿಸಾಕಿದ್ದನ್ನ ನಾ ಹೆಕ್ಕೀನಿ. ರಾತ್ರಿ ಹಗಲು ಬಿಡಿಸೀನಿ. ನೋಡ್ರಿ ಈ ಕೈ, ಬೂಷ್ಟಿಗೆ ತುರಿಕಿ ಹತ್ತಿ ಹ್ಯಾಂಗ ಆಗ್ಯಾವು!"

"ಹೌದು. ನೀ ಉಳಿಸೀದಿ. ಅದಕ್ಕ ಕೈ ಮುಗೀತೀನಿ." ಮುದುಕ ನಿಜವಾಗಿಯೂ ಕೈ ಮುಗಿದ. "ಉಳಿಸಿದ ಮ್ಯಾಲ ಕೊಡಬೇಕಿತ್ತು." ಇಷ್ಟು ಹೇಳಿ, ಗಂಗಾದೇವಿ ಚಹಾಕ್ಕೆ ಕರೆದಳೆಂದು ಎದ್ದು ಹೋದ.

ಆ ದಿನವೆಲ್ಲ ಅವಳು ಬಡಿದ ಪಾತ್ರೆಗಳ ಸದ್ದು ಓಣಿಯ ತುದಿಯವರೆಗೂ ಕೇಳಿಸಿತು.

ಭಾನುವಾರ ಬೆಳಿಗ್ಗೆ ಒಂದು ತಾಸು ಅವಳು ಮುಂದಿನ ಕೋಣೆಯಲ್ಲಿ ಮೌನಕ್ಕೆ ಕೂರುತ್ತಾಳೆ. ಸುತ್ತ ನೂರು ಮೈಲಿಯಲ್ಲಿ ಬೇರೆ ಕ್ವೇಕರರಿಲ್ಲ. ಒಮ್ಮೊಮ್ಮೆ ಉಸ್ಮಾನ್‌ಸಾಬ್ ಬಂದು ಜೊತೆಗೆ ಕೂತು ತೂಕಡಿಸುತ್ತಾರೆ. ಆ ಭಾನುವಾರ ಬಾಲಪ್ಪನೂ ಬಂದು ಗೋಡೆಗೆ ಒರಗಿ ಕೂತ. ಅವಳು ಕಣ್ಣು ಮುಚ್ಚಿದಳು. ಮುದುಕನಿಗೆ ಕೊಡಬೇಕಾದ ಉತ್ತರಗಳು ಒಂದರ ಹಿಂದೆ ಒಂದು ಬಂದವು. ಸೋರುವ ಮಾಳಿಗೆ, ಗೆದ್ದಲು, ಓದಲು ಬಾರದ ಮೊಮ್ಮಕ್ಕಳು. ಎಲ್ಲವೂ ನಿಜ. ಅರ್ಧ ತಾಸು ಕಳೆಯುವ ಹೊತ್ತಿಗೆ ಉತ್ತರಗಳು ಮುಗಿದವು. ಆಗ ಸುಶೀಲಾಬಾಯಿಯ ಮಾತು ನೆನಪಾಯಿತು. ಅಕ್ಕಿ ಹಂಚುವಾಗ ದರ್ಪ ತೋರಿಸುವ ಹುಡುಗರಿಗೆ ಅವರು ಹೇಳುತ್ತಿದ್ದ ಮಾತು ಅದು: ಇದು ನಮ್ಮದಲ್ಲ, ನಾವು ಹೊತ್ತು ತಂದವರು ಅಷ್ಟೇ. ಅದೇ ಮಾತನ್ನು ತಾನೂ ನೂರಾರು ಸಲ ಬೇರೆಯವರಿಗೆ ಅಂದಿದ್ದಳು, ಬೆರಳು ತೋರಿಸಿ, ಬೈದು ಅಂದಿದ್ದಳು. ಕಪಾಟಿನ ಮುಂದೆ ನಿಂತು ಒಮ್ಮೆಯೂ ಅಂದುಕೊಂಡಿರಲಿಲ್ಲ. ಉಳಿದ ಅರ್ಧ ತಾಸು ಅವಳು ಎದ್ದು ಓಡಿಹೋಗದೆ ಕೂತದ್ದೇ ದೊಡ್ಡದು.

ತಾಸು ಮುಗಿಯಿತು. ಉಸ್ಮಾನ್‌ಸಾಬ್ ಎಚ್ಚರಗೊಂಡರು. ಅವಳು ಎದ್ದು, ಯಾರ ಮುಖವನ್ನೂ ನೋಡದೆ, "ಸಾಬ್ರ, ಈ ವಾರ ಯಾವ್ಯಾವ ಊರಿಗೆ ಲೋಡ್ ಐತಿ?" ಎಂದು ಕೇಳಿದಳು.

ಹೆಸರು, ಊರು ಇದ್ದ ವಹಿಗಳು ನಲವತ್ತಮೂರು. ತಿರುಗಿ ಕೊಡುವುದು ಒಯ್ಯುವುದಕ್ಕಿಂತ ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಸಾಲಗುಂದದ ಮೊದಲ ಮನೆಯಲ್ಲಿ, "ನಮಗ್ಯಾಕ ಬೇ ಅದು? ಆ ಗೂಡಿನಾಗ ಈಗ ಟೀವಿ ಇಟ್ಟೀವಿ" ಎಂದರು. ಎರಡನೇ ಊರಿನಲ್ಲಿ ಮನೆ ಪಾಲಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರು. ಅಣ್ಣ ತಮ್ಮನಿಗೆ ಕೊಡು ಎಂದ, ತಮ್ಮ ಅಣ್ಣನಿಗೆ ಕೊಡು ಎಂದ, ಅವಳು ಅಣ್ಣನ ಕೈಗೆ ಇಟ್ಟ ಕೂಡಲೇ ತಮ್ಮ ನನ್ನ ಪಾಲೆಲ್ಲಿ ಎಂದ. ವಹಿಯನ್ನು ಇಬ್ಬರ ನಡುವಿನ ಕಟ್ಟೆಯ ಮೇಲೆ ಕುಕ್ಕಿ ಬಂದಳು. ಮೂರನೇ ಊರಿನ ಕನಕರಾಜ ಎಂಬ ಕಿರಾಣಿ ಅಂಗಡಿಯವನು ತನ್ನ ಮುತ್ತಜ್ಜನ ಅಕ್ಷರ ನೋಡಿ ಹಣದ ಗಲ್ಲೆ ಬಿಟ್ಟು ಎದ್ದು ಬಂದ. ಗಿರಾಕಿಗಳು ಕಾಯುತ್ತ ನಿಂತರೂ ಅಂಗಡಿ ಬಾಗಿಲಲ್ಲೇ ನಿಂತು ಓದತೊಡಗಿದ. ಅವಳಿಗೆ ಕೂರಲೂ ಹೇಳಲಿಲ್ಲ. ಅದೊಂದಕ್ಕೆ ಮಾತ್ರ ಅವಳಿಗೆ ಸಿಟ್ಟು ಬರಲಿಲ್ಲ.

ಸಂಜೆ ಬಂದು ಬ್ಯಾಗು ಎಸೆದಳು. "ಬ್ಯಾಡ ಅಂತಾರ! ಹದಿನೈದು ವರ್ಷ ಕಾದೀನಿ, ಬ್ಯಾಡ ಅಂತಾರ!"

"ಬ್ಯಾಡಂದ್ರ?" ಬಾಲಪ್ಪ ನಿರಾಳವಾಗಿ ಕೇಳಿದ. "ಹಂಗಾರ ಅದು ಈಗ ನಿಂದು. ಇಷ್ಟು ದಿನ ನಿಂದಾಗಿರಲಿಲ್ಲ."

ಅವಳಿಗೆ ಆ ಮಾತೂ ಸಿಟ್ಟು ತರಿಸಿತು, ಯಾಕೆಂದರೆ ಅದು ಸರಿಯಾಗಿತ್ತು.

ಹದಿನಾಲ್ಕನೇ ದಿನ ಮುದುಕನ ವಹಿಗಳು ಒಣಗಿದವು. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ನಾಲ್ಕು ಹಾಳೆ ಶಾಯಿ ಅಳಿಸಿದೆ ಎಂದು ದೂರಿ, ಗಂಗಾದೇವಿಯ ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿ, ಮಗಳ ಊರಿಗೆ ಹೊರಟ. ಅಮರೇಶ್ವರಿಗೆ ಹೇಳಿದ್ದು ಒಂದೇ ಮಾತು: "ರೊಟ್ಟಿ ಇನ್ನ ಸ್ವಲ್ಪ ತೆಳ್ಳಗ ಬಡಿ." ಅವನ ಮನೆಯ ಗೋಡೆಯನ್ನು ಊರವರು ದೀಪಾವಳಿಯ ಹೊತ್ತಿಗೆ ಎಬ್ಬಿಸಿ ಕೊಟ್ಟರು.

ಕೊನೆಯದಾಗಿ ಉಳಿದದ್ದು ಲಿಂಗಸುಗೂರಿನ ಮೌನೇಶ್ವರಿಯ ವಹಿ. ಅದನ್ನು ಅಮರೇಶ್ವರಿ ಬೇಕೆಂದೇ ಕೊನೆಗೆ ಇಟ್ಟಿದ್ದಳು. ಮೊದಲ ನೆರೆಯ ವರ್ಷ ಆಕೆಯ ತವರಿನಿಂದ ತಂದದ್ದು. ಆಕೆಯ ಅಪ್ಪನ ತತ್ವಪದಗಳು. ಎರಡು ವರ್ಷದ ನಂತರ ಮೌನೇಶ್ವರಿ ಬಸ್ಸು ಹತ್ತಿ ಸಿಂಧನೂರಿಗೆ ಬಂದು ಕೇಳಿದ್ದಳು. ಇನ್ನೂ ಒಣಗಿಲ್ಲ ಎಂದು ಇವಳು ಹೇಳಿ ಕಳಿಸಿದ್ದಳು. ಅದು ಸುಳ್ಳು. ಒಣಗಿ ಒಂದೂವರೆ ವರ್ಷವಾಗಿತ್ತು.

ಮೌನೇಶ್ವರಿ ಬಸ್ ನಿಲ್ದಾಣದ ಹಿಂದೆ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಮೈಯೆಲ್ಲ ಹಿಟ್ಟು. ವಹಿ ನೋಡಿದ ಕೂಡಲೇ ಗುರುತು ಹಿಡಿದಳು, ತಂದವಳ ಗುರುತನ್ನೂ ಹಿಡಿದಳು. ಗಿರಣಿ ನಿಲ್ಲಿಸಿದಳು.

"ಒಣಗ್ತಾ?" ಎಂದಳು. "ಹದಿನೈದು ವರ್ಷಕ್ಕ ಒಣಗ್ತಾ?"

ಅಮರೇಶ್ವರಿ ವಹಿಯನ್ನು ಮುಂದೆ ಚಾಚಿದಳು.

"ನಮ್ಮಪ್ಪ ಸಾಯೋ ಮುಂದ ಅದನ್ನ ಕೇಳಿದ. ಓದು ಮಗಳ ಅಂದ. ಅದಕ್ಕ ಬಂದಿದ್ದೆ ನಿನ್ನ ಮನಿಗೆ. ಬರಿಗೈಲೆ ಹೋಗಿ ಅವನ ಮುಂದ ಏನ್ ಹೇಳ್ಲಿ? ಇನ್ನ ಒಣಗಿಲ್ಲಪಾ ಅಂದೆ. ಹೌದಾ ಅಂದ. ಎಂಟು ದಿನಕ್ಕ ಹೋದ."

ಜೋಳದ ಡಬ್ಬಿ ಹಿಡಿದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೌನೇಶ್ವರಿ ಕಾಲು ತಾಸು ಬೈದಳು. ಅಮರೇಶ್ವರಿ ನಿಂತು ಕೇಳಿದಳು. ಕೊನೆಗೆ "ತಪ್ಪಾತು" ಎಂದಳು.

"ತಪ್ಪಾತು ಅಂದ್ರ ಆತೇನು?"

"ಇಲ್ಲ. ಆಗೂದಿಲ್ಲ."

ಮೌನೇಶ್ವರಿ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ವಹಿ ತೆಗೆದುಕೊಂಡಳು. ಮೊದಲ ಪುಟ ತೆರೆದು ನೋಡಿ ಮುಚ್ಚಿದಳು. "ಹೋಗಿನ್ನ" ಎಂದಳು. ಅಮರೇಶ್ವರಿ ಬಂದು ಟೆಂಪೋ ಹತ್ತಿದಳು. ಮಸ್ಕಿ ದಾಟಿದ ಮೇಲೆ ಅವಳು ಅತ್ತಳು. ಅಳುವಾಗಲೂ ರಸ್ತೆಯ ಗುಂಡಿಗಳಿಗೆ ಬೈದಳು.

ಒಂದು ತಿಂಗಳ ಮೇಲೆ ಫೋನು ಬಂತು.

"ನಾನು, ಮೌನೇಶ್ವರಿ. ನಡುವಿನ ಹಾಳಿ ಹತ್ತು ಹನ್ನೊಂದು ಅಂಟ್ಕೊಂಡಾವು. ಬಿಡಿಸಾಕ ಬರವಲ್ವು. ಎಳದ್ರ ಹರೀತಾವ ಏನು?"

"ಎಳೀಬ್ಯಾಡ ಬೇ! ಕೈ ಹಚ್ಚಬ್ಯಾಡ! ಎಳದೀ ಏನು ಈಗ?"

"ತುಸು ಎಳದೆ."

"ಅಯ್ಯ ನಿನ್ನ! ಬಿಸಿನೀರಿನ ಹಬಿ ತೋರಿಸ್ಬೇಕು, ಅದೂ ದೂರದಿಂದ. ನೀ ಮಾಡಬ್ಯಾಡ, ಕೆಡಿಸ್ತಿ. ನಾನ ಬರ್ತೀನಿ."

"ಬಾ. ಆದ್ರ ಪುಸ್ತಕ ನಮ್ಮನಿ ಹೊಸ್ತಿಲ ದಾಟೂದಿಲ್ಲ, ಹೇಳೀನಿ."

ಮರುದಿನ ಅಮರೇಶ್ವರಿ ಮೊದಲ ಬಸ್ಸಿಗೆ ಹೋದಳು. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಒಲೆಯ ಮೇಲೆ ನೀರು ಕುದಿಸಿ, ಇಬ್ಬರೂ ಎದುರುಬದುರು ಕೂತು, ಮಧ್ಯಾಹ್ನದವರೆಗೆ ಹನ್ನೊಂದು ಹಾಳೆ ಬಿಡಿಸಿದರು. ಗಾಳಿ ಬರುವ ಕಡೆ ಯಾಕೆ ಕೂತೆ ಎಂದು ಇವಳು ಬೈದಳು, ಬೆರಳು ಸುಟ್ಟುಕೊಂಡು ಅವಳು ಬೈದಳು. ಒಂಬತ್ತನೇ ಹಾಳೆಯಲ್ಲಿದ್ದ ಅಪ್ಪನ ಪದವನ್ನು ಮೌನೇಶ್ವರಿ ಮೆಲ್ಲಗೆ ಹೇಳಿಕೊಂಡಳು, ಎರಡು ಸಾಲು ಹೇಳಿ ನಿಲ್ಲಿಸಿದಳು, ಮತ್ತೆ ಮೊದಲಿಂದ ಹೇಳಿದಳು. ಅಮರೇಶ್ವರಿ ಚಾಕು ಕೆಳಗಿಟ್ಟು ಕಾದಳು. ಪದ ಮುಗಿದ ಮೇಲೆ ಮುಂದಿನ ಹಾಳೆಗೆ ಹಬೆ ಹಿಡಿದಳು.